ಆರಿದ್ದದ್ದು ಎಪ್ಪತ್ತಾಯಿತು

ಈ ಸಲದ ಅಂಕಣಕ್ಕೆ ಕಾರಣ ಹೈದರಾಬಾದಿನ ಓದುಗರೊಬ್ಬರ ಪತ್ರ. ಮೂಲ ರಾಯಚೂರು ಕಡೆಯವರು, ನಿವೃತ್ತರು. ಸಿಕಂದರಾಬಾದಿನ ಆಚೆ ಸ್ವಂತ ಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸಿಮೆಂಟ್ ತೊಟ್ಟಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳ. ಎರಡು ವರ್ಷದ ಹಿಂದೆ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಆರು ಗೋಲ್ಡ್‌ಫಿಶ್ ತಂದು ಬಿಟ್ಟರಂತೆ. ಈಗ ಎಣಿಸಿದರೆ ಎಪ್ಪತ್ತರ ಮೇಲಿವೆ. ಬೆಳಗಿನ ಜಾವ ಎಲ್ಲವೂ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. ಕಳೆದ ವಾರ ನಾಲ್ಕು ಸತ್ತವು, ಮೊಮ್ಮಗಳು ಊಟ ಬಿಟ್ಟಳು. ಪತ್ರದ ಕೊನೆಯಲ್ಲಿ ಪ್ರಶ್ನೆ: "ಹತ್ತಿರದಲ್ಲೇ ದೊಡ್ಡ ಕೆರೆ ಇದೆ. ಒಂದು ಭಾನುವಾರ ಐವತ್ತು ಮೀನು ಅಲ್ಲಿಗೆ ಬಿಟ್ಟು ಬಂದರೆ ನಮ್ಮ ತೊಟ್ಟಿಯೂ ಹಗುರ, ಅವಕ್ಕೂ ಬಿಡುಗಡೆ, ನಮಗೂ ಪುಣ್ಯ. ಬಿಡಬಹುದೇ?"

ಬೇಡ ಸರ್, ಬಿಡಬೇಡಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಎಪ್ಪತ್ತು ಮೀನುಗಳ ಗತಿ ಏನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಹಿತ್ತಲಿನಲ್ಲೋ ತಾರಸಿಯಲ್ಲೋ ತೊಟ್ಟಿ ಇಟ್ಟುಕೊಂಡ ನಮ್ಮವರು ಪುಣೆಯಲ್ಲೂ ಚೆನ್ನೈಯಲ್ಲೂ ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ಇವತ್ತಲ್ಲ ನಾಳೆ ಇದೇ ಜಾಗಕ್ಕೆ ಬರುವವರೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆರು ಎಪ್ಪತ್ತಾಗುವುದು ದೊಡ್ಡ ಮಾತೇ ಅಲ್ಲ. ನಿಜಕ್ಕೂ ಆಶ್ಚರ್ಯವೆಂದರೆ ಅದು ಎಪ್ಪತ್ತಕ್ಕೇ ನಿಂತಿರುವುದು. ಚೆನ್ನಾಗಿ ಬೆಳೆದ ಒಂದು ಹೆಣ್ಣು ಒಂದು ಸಲಕ್ಕೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮೀರಿ ಮೊಟ್ಟೆ ಇಡುತ್ತದೆ. ಅದೂ ವರ್ಷಕ್ಕೆ ಒಂದೇ ಸಲವಲ್ಲ. ಒಂದು ವರ್ಷ ತುಂಬುವ ಹೊತ್ತಿಗೆ ಮೀನು ಪ್ರಾಯಕ್ಕೆ ಬಂದಿರುತ್ತದೆ, ನಮ್ಮ ಸೆಕೆಯ ಊರುಗಳಲ್ಲಿ ಇನ್ನೂ ಬೇಗ.

ಗಂಡು ಹೆಣ್ಣು ಗುರುತಿಸುವುದು ಬೇರೆ ದಿನಗಳಲ್ಲಿ ಕಷ್ಟ. ಕಾಲ ಬಂದಾಗ ಮಾತ್ರ ಗಂಡಿನ ಕಿವಿರಿನ ಮುಚ್ಚಳದ ಮೇಲೆ, ಎದೆಯ ಈಜುರೆಕ್ಕೆಯ ಮುಂದಿನ ಅಂಚಿನ ಮೇಲೆ, ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿಗಳು ಏಳುತ್ತವೆ. ಬಹಳ ಜನ ಇದನ್ನು ಬಿಳಿಚುಕ್ಕೆ ರೋಗ ಎಂದುಕೊಂಡು ಅಂಗಡಿಗೆ ಓಡಿ ನೀಲಿ ಔಷಧಿ ತಂದು ಸುರಿಯುತ್ತಾರೆ. ರೋಗವಾದರೆ ಚುಕ್ಕಿ ಮೈಯೆಲ್ಲ, ಬಾಲದ ಮೇಲೂ ಇರುತ್ತದೆ, ಮೀನು ಮೈ ಉಜ್ಜಿಕೊಳ್ಳುತ್ತದೆ. ಇದು ಹಾಗಲ್ಲ, ಇದು ಮದುವಣಿಗನ ಬಾಸಿಂಗ. ಹೆಣ್ಣನ್ನು ಮೇಲಿನಿಂದ ನೋಡಿದರೆ ಹೊಟ್ಟೆ ಉಬ್ಬಿರುತ್ತದೆ, ಒಂದು ಪಕ್ಕ ಇನ್ನೊಂದಕ್ಕಿಂತ ತುಸು ಹೆಚ್ಚು.

ಬಿಸಿಲು ಕಾದು ಕಾದು ಒಂದು ಮಳೆ ಸುರಿದ ಮರುದಿನ ಬೆಳಿಗ್ಗೆ ತೊಟ್ಟಿಯ ಹತ್ತಿರ ಹೋಗಿ ನಿಲ್ಲಿ. ತೊಟ್ಟಿಯ ಅರ್ಧ ನೀರು ಬದಲಿಸಿದ ಮರುದಿನವೂ ಹೀಗೇ ಆಗುತ್ತದೆ. ಎರಡು ಮೂರು ಗಂಡುಗಳು ಒಂದು ಹೆಣ್ಣಿನ ಹಿಂದೆ ಬಿದ್ದು, ಪಕ್ಕೆಗೆ ಮೂತಿಯಿಂದ ತಿವಿಯುತ್ತಾ, ಅವಳನ್ನು ಗಿಡದ ಬೇರಿನೊಳಗೆ ನೂಕುತ್ತವೆ. ನೀರೆಲ್ಲ ಚಿಮ್ಮುತ್ತದೆ. ನೋಡಲು ಜಗಳದ ಹಾಗೇ ಇರುತ್ತದೆ. ಹೊಸಬರು ಹೆದರಿ ಬಿಡಿಸಲು ಹೋಗುವುದೂ ಉಂಟು. ಸೂರ್ಯ ಏರುವ ಹೊತ್ತಿಗೆ ಎಲ್ಲ ಮುಗಿದು ಅಂತರಗಂಗೆಯ ಬೇರಿಗೆ ಸಾಬುದಾನಿಗಿಂತ ಸಣ್ಣ, ಅಂಟಂಟಾದ ಮೊಟ್ಟೆಗಳು ಮೆತ್ತಿಕೊಂಡಿರುತ್ತವೆ. ಆಮೇಲೆ ಅದೇ ಅಪ್ಪ ಅಮ್ಮ ಆ ಬೇರುಗಳನ್ನು ಹುಡುಕಿ ಹುಡುಕಿ ಮೊಟ್ಟೆ ತಿನ್ನಲು ಶುರುಮಾಡುತ್ತಾರೆ. ಗೋಲ್ಡ್‌ಫಿಶ್‌ಗೆ ತನ್ನದು ಪರರದು ಎಂಬುದಿಲ್ಲ, ಬಾಯಿಗೆ ಸಿಕ್ಕಿದ್ದು ಊಟ.

ತಿಂದು ಉಳಿದ ಮೊಟ್ಟೆಗಳಲ್ಲಿ ಫಲವಾಗದವು ಒಂದೆರಡು ದಿನಕ್ಕೆ ಬೆಳ್ಳಗಾಗಿ ಬೂಸು ಹಿಡಿಯುತ್ತವೆ. ಫಲವಾದವು ತಿಳಿಜೇನಿನ ಬಣ್ಣದಲ್ಲೇ ಉಳಿದು, ನೀರು 25 ಡಿಗ್ರಿ ಆಸುಪಾಸು ಇದ್ದರೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತವೆ. ಚಳಿಯಿದ್ದರೆ ಇನ್ನೂ ತಡ. ಮೊದಲ ಎರಡು ದಿನ ಮರಿಗಳು ಈಜುವುದೂ ಇಲ್ಲ, ಗೋಡೆಗೋ ಎಲೆಗೋ ಕಣ್ಣು ಮೂಡಿದ ದಾರದ ಎಳೆಯ ಹಾಗೆ ಅಂಟಿಕೊಂಡು ಹೊಟ್ಟೆಯ ಬುತ್ತಿ ಕರಗಿಸುತ್ತವೆ. ಆಮೇಲೆ ಈಜು, ಹಸಿವು, ಅಪಾಯ ಮೂರೂ ಒಟ್ಟಿಗೇ ಶುರು. ಏರೋಪ್ಲೇನ್ ಚಿಟ್ಟೆಯ ಮರಿಹುಳು ನೀರೊಳಗೇ ಬೆಳೆಯುತ್ತದಲ್ಲ, ಅದಕ್ಕೆ ಈ ಮರಿಗಳೆಂದರೆ ಹಬ್ಬ. ಇದನ್ನೆಲ್ಲ ದಾಟಿ ಬಂದವು ನಿಮ್ಮ ಎಪ್ಪತ್ತು. ತೊಟ್ಟಿಯ ತುಂಬ ಬೇರಿನ ಗಿಡ ಬಿಟ್ಟಿರುವವರ ಮನೆಯಲ್ಲಿ ಮೀನು ಹೆಚ್ಚುವುದು, ಬರಿ ತೊಟ್ಟಿಯವರ ಮನೆಯಲ್ಲಿ ಹೆಚ್ಚದೇ ಇರುವುದು ಇದೇ ಕಾರಣಕ್ಕೆ.

ಇನ್ನು ಬಣ್ಣದ ಮಾತು. "ಮರಿಗಳು ಹುಟ್ಟಿವೆ ಆದರೆ ಯಾಕೋ ಎಲ್ಲ ಕಪ್ಪು, ಬೇರೆ ಮೀನು ಸೇರಿಕೊಂಡಿರಬೇಕು" ಎಂದು ಹೇಳುವವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಗೋಲ್ಡ್‌ಫಿಶ್ ಚಿನ್ನದ ಬಣ್ಣದಲ್ಲಿ ಹುಟ್ಟುವುದೇ ಇಲ್ಲ. ಕೆಸರು ಹಸಿರು ಬಣ್ಣದಲ್ಲಿ ಹುಟ್ಟಿ, ಕೆಲವು ತಿಂಗಳಾದ ಮೇಲೆ ಕಪ್ಪು ಬಣ್ಣದ ಕೋಶಗಳು ಸತ್ತು ಒಳಗಿನ ಕೆಂಪು ಹಳದಿ ಹೊರಗೆ ಕಾಣುತ್ತದೆ. ಕೆಲವು ಜೀವಮಾನವಿಡೀ ಬದಲಾಗುವುದೇ ಇಲ್ಲ, ಅಜ್ಜನ ಬಣ್ಣದಲ್ಲೇ ಉಳಿದುಬಿಡುತ್ತವೆ. ಮೀನು ಸಾಕಣೆಯನ್ನೇ ಕಸುಬು ಮಾಡಿಕೊಂಡವರು ಇಂಥವನ್ನು ಸಣ್ಣದಿರುವಾಗಲೇ ಆರಿಸಿ ತೆಗೆಯುತ್ತಾರೆ. ಚೆನ್ನೈನ ಕೊಳತ್ತೂರಿನಲ್ಲಿ ಬಣ್ಣದ ಮೀನಿನ ವ್ಯಾಪಾರಿಗಳ ಸಾಲೇ ಇದೆ, ಚೆನ್ನೈ ಓದುಗರಿಗೆ ಗೊತ್ತಿರುತ್ತದೆ. ಅಂಥ ಕಡೆ ಬಾಲ ಸರಿಯಿಲ್ಲದ್ದು, ಬೆನ್ನು ಡೊಂಕಾದದ್ದು, ಬಣ್ಣ ಬಾರದ್ದು ಎಂದು ಸಲ ಸಲ ಬೇರ್ಪಡಿಸಿದ ಮೇಲೆ ಉಳಿದದ್ದು ನಮ್ಮ ಅಂಗಡಿಯ ಗಾಜಿನ ಪೆಟ್ಟಿಗೆಗೆ ಬರುವುದು.

ನಮ್ಮ ಹಿತ್ತಲಲ್ಲಿ ಆ ಆರಿಸುವ ಕೆಲಸ ಮಾಡುವುದು ಮಿಂಚುಳ್ಳಿ ಮತ್ತು ಬೆಕ್ಕು, ಅದೂ ತಿರುಗುಮುರುಗಾಗಿ. ಕೇಸರಿ ಮೀನು ಮೇಲಿನಿಂದ ಥಟ್ಟನೆ ಕಾಣುತ್ತದೆ, ಹೋಗುತ್ತದೆ. ಕೆಸರು ಬಣ್ಣದ್ದು ಕಾಣುವುದಿಲ್ಲ, ಉಳಿಯುತ್ತದೆ, ಮರಿ ಹಾಕುತ್ತದೆ. ನಾಲ್ಕಾರು ತಲೆಮಾರು ಹೀಗೇ ಬಿಟ್ಟರೆ ತೊಟ್ಟಿಯಲ್ಲಿ ಚಿನ್ನ ಕಡಿಮೆಯಾಗಿ ಕೆಸರೇ ಹೆಚ್ಚಾಗುತ್ತದೆ. ಜೋಡಿ ಬಾಲದ, ಗುಂಡು ಹೊಟ್ಟೆಯ ತಳಿಗಳದ್ದೂ ಅದೇ ಕಥೆ. ಓಡಲಾರದವು ಮೊದಲು ಸಿಕ್ಕಿಬೀಳುತ್ತವೆ.

ಈ ಮೀನು ಹುಟ್ಟಿದ್ದೇ ಒಂದು ಬಗೆಯ ಬಿಡುಗಡೆಯಿಂದ ಎಂಬುದನ್ನು ಪುಣ್ಯದ ಮಾತೆತ್ತಿದ ನಮ್ಮ ಓದುಗರಿಗೆ ಹೇಳಲೇಬೇಕು. ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದೆ ಜನ ತಿನ್ನುತ್ತಿದ್ದ ಒಂದು ಸಾಧಾರಣ ಕೆಸರು ಬಣ್ಣದ ಮೀನಿನಲ್ಲಿ ಆಗೊಮ್ಮೆ ಈಗೊಮ್ಮೆ ಕೆಂಪು ಹಳದಿ ಮೀನು ಹುಟ್ಟುತ್ತಿತ್ತು. ಅಂಥದ್ದನ್ನು ತಿನ್ನಲು ಮನಸ್ಸಾಗದೆ ಬೌದ್ಧ ವಿಹಾರಗಳ ಕೊಳಕ್ಕೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಕೊಳದಲ್ಲಿ ಕೆಂಪಿಗೆ ಕೆಂಪೇ ಜೊತೆಯಾಗಿ ಬಣ್ಣ ನಿಂತಿತು. ಸೋಂಗ್ ಅರಸರ ಕಾಲಕ್ಕೆ, 1162ರಲ್ಲಿ, ಹಾಂಗ್‌ಝೌ ಅರಮನೆಯಲ್ಲಿ ಇವುಗಳಿಗೆಂದೇ ಕೊಳ ಕಟ್ಟಿಸಿದರು. ಮುಂದೆ ಜಪಾನಿಗೂ ಯೂರೋಪಿಗೂ ಹೋಯಿತು, 1758ರಲ್ಲಿ ಲಿನೇಯಸ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ನಮ್ಮ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದವರಿಗೆ ಈ ಮನಸ್ಸು ಅರ್ಥವಾಗುತ್ತದೆ. ಆದರೆ ಶೃಂಗೇರಿಯ ಮೀನು ತುಂಗೆಯದ್ದೇ, ಅದನ್ನು ಯಾರೂ ಅಂಗಡಿಯಿಂದ ತಂದು ಬಿಟ್ಟದ್ದಲ್ಲ.

ಕೆರೆಗೆ ಬಿಟ್ಟ ಗೋಲ್ಡ್‌ಫಿಶ್ ಎರಡರಲ್ಲಿ ಒಂದು ಮಾಡುತ್ತದೆ. ಬಹುಪಾಲು ಕೇಸರಿ ಬಣ್ಣದವು ಕೊಕ್ಕರೆಯ ಹೊಟ್ಟೆ ಸೇರುತ್ತವೆ, ಅಂದರೆ ನೀವು ಬಿಡುಗಡೆ ಎಂದುಕೊಂಡದ್ದು ಅವಕ್ಕೆ ಅರ್ಧ ದಿನದ್ದು. ಉಳಿದದ್ದು ಉಳಿದೇ ಉಳಿಯುತ್ತದೆ, ಬೆಳೆಯುತ್ತದೆ. ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ ಎಂಬ ಮಾತು ಅಂಗಡಿಯವರ ಸಮಾಧಾನ. ಸಣ್ಣ ತೊಟ್ಟಿಯಲ್ಲಿ ಅದು ಕುಗ್ಗುವುದು ಕೊಳೆ ನೀರಿನಿಂದ. ಅಮೆರಿಕದ ಮಿನೆಸೋಟಾದಲ್ಲಿ ಬರ್ನ್ಸ್‌ವಿಲ್ ಎಂಬ ಊರಿನ ಕೆರೆಯಿಂದ 2021ರಲ್ಲಿ ಎರಡು ಕೈಯಲ್ಲಿ ಹಿಡಿಯಬೇಕಾದಂಥ ಗೋಲ್ಡ್‌ಫಿಶ್‌ಗಳನ್ನು ತೆಗೆದು, ನಗರಸಭೆಯವರೇ ಫೋಟೋ ಹಾಕಿ ದಯವಿಟ್ಟು ಕೆರೆಗೆ ಬಿಡಬೇಡಿ ಎಂದು ಜನರನ್ನು ಕೇಳಿಕೊಂಡರು. ಪಶ್ಚಿಮ ಆಸ್ಟ್ರೇಲಿಯಾದ ವಾಸ್ ನದಿಯಲ್ಲಿ ಸಂಶೋಧಕರು ಗುರುತು ಕಟ್ಟಿ ಬಿಟ್ಟ ಒಂದು ಗೋಲ್ಡ್‌ಫಿಶ್ ಒಂದು ವರ್ಷದಲ್ಲಿ 230 ಕಿಲೋಮೀಟರ್ ಓಡಾಡಿತ್ತು. ಇವು ತಳದ ಕೆಸರು ಕೆದಕಿ ನೀರು ರಾಡಿ ಮಾಡುತ್ತವೆ, ಗಿಡ ಕಿತ್ತು ತಿನ್ನುತ್ತವೆ, ಬೇರೆ ಮೀನಿನ ಮೊಟ್ಟೆಗೂ ಬಾಯಿ ಹಾಕುತ್ತವೆ.

ಅಲ್ಲಿನ ಮಾತು ಅಲ್ಲಿಗಾಯಿತು ಎನ್ನುವ ಹಾಗಿಲ್ಲ. ನಮ್ಮೂರಿನ ಕೆರೆಗಳಲ್ಲಿ ಬಲೆ ಹಾಕಿದರೆ ಬರುವ ಜಿಲೇಬಿ ಮೀನು 1952ರಲ್ಲಿ ಹೊರಗಿನಿಂದ ದೇಶಕ್ಕೆ ತಂದದ್ದು. ಇವತ್ತು ಅದು ಇಲ್ಲದ ಕೆರೆ ಹುಡುಕಬೇಕು. ಹೈದರಾಬಾದಿನವರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಅಕ್ವೇರಿಯಂನ ಗಾಜಿನ ಪಾಚಿ ತಿನ್ನಲಿ ಎಂದು ತರುವ, ಮೈಯೆಲ್ಲ ಗಟ್ಟಿ ಕವಚದ ಸಕ್ಕರ್ ಮೀನು ದೊಡ್ಡದಾಯಿತೆಂದು ಯಾರೋ ಬಿಟ್ಟದ್ದು ಈಗ ತೆಲುಗು ನಾಡಿನ ನೀರಿನಲ್ಲೆಲ್ಲ ಹರಡಿ ದೆವ್ವದ ಮೀನು ಎಂಬ ಹೆಸರು ಪಡೆದಿದೆ. ಬೆಸ್ತರ ಬಲೆ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಅದನ್ನು ಬಿಟ್ಟವರೂ ಕೆಟ್ಟವರೇನಲ್ಲ, ನಮ್ಮ ಓದುಗರ ಹಾಗೇ ಒಂದು ಭಾನುವಾರ ಬಕೆಟ್ ಹಿಡಿದು ಹೋದವರು.

ಇನ್ನೊಂದು ವಿಷಯ ಕಣ್ಣಿಗೆ ಕಾಣುವುದಿಲ್ಲ. ಒತ್ತಾಗಿ ಬೆಳೆದ ತೊಟ್ಟಿಯ ಮೀನಿನ ಮೈಮೇಲೆ ಮೀನುಹೇನು, ಲಂಗರುಹುಳು ಸೇರಿಕೊಂಡಿರುವುದುಂಟು. ಮೀನುಹೇನು ಕಟ್ಲಾ ರೋಹು ಸಾಕುವವರಿಗೆ ಎಷ್ಟು ಕಾಟವೆಂದು ಅವರನ್ನೇ ಕೇಳಬೇಕು. ಕೆರೆಯನ್ನು ಗುತ್ತಿಗೆ ಹಿಡಿದು ಮರಿ ಬಿಟ್ಟವರ ಹೊಟ್ಟೆಪಾಡಿಗೆ ನಮ್ಮ ಪುಣ್ಯ ಹೋಗಿ ಕೂರುವುದು ಬೇಡ.

ಹಾಗಾದರೆ ತೊಟ್ಟಿ? ಮೊದಲು ಲೆಕ್ಕ. ಆರು ನಾಲ್ಕು ಎರಡು, ನಲವತ್ತೆಂಟು ಘನ ಅಡಿ. ಅಂಚಿನವರೆಗೆ ತುಂಬಿದರೆ ಸುಮಾರು 1,350 ಲೀಟರ್. ದೊಡ್ಡ ಮೀನಿಗೆ ತಲಾ ನೂರು ಲೀಟರ್ ಎಂದು ನಾನು ಹಿಡಿಯುತ್ತೇನೆ, ಫಿಲ್ಟರ್ ಇದ್ದರೂ ಅಷ್ಟೇ. ಅಂದರೆ ಹದಿಮೂರು. ಕೆಲವರು ಇನ್ನೂ ಹೆಚ್ಚು ಹಾಕುತ್ತಾರೆ, ಚಳಿಗಾಲದಲ್ಲಿ ನಡೆದೂ ಹೋಗುತ್ತದೆ. ಏಪ್ರಿಲ್ ಬಂದಾಗ ಗೊತ್ತಾಗುತ್ತದೆ. ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ತೊಟ್ಟಿಯ ಗೋಡೆ, ಕಲ್ಲು, ಫಿಲ್ಟರ್‌ನಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹದಿಮೂರರ ಕೊಳೆ ತೊಳೆಯುವ ಆಳುಗಳಿಗೆ ಎಪ್ಪತ್ತರ ಕೊಳೆ ಹೊರಿಸಿದರೆ ಅವು ಕೈ ಚೆಲ್ಲುತ್ತವೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷ ಹೆಚ್ಚು. ಹಸಿರು ನೀರಿನ ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಉಸಿರಾಡಿ ಮುಗಿಸುತ್ತದೆ, ಹಾಗಾಗಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ನಿಮ್ಮ ಮೀನು ಬಾಯಿ ಬಿಡುತ್ತಿರುವುದು ಹಸಿವಿಗಲ್ಲ ಸರ್. ಆ ಹೊತ್ತಿಗೆ ತಿಂಡಿ ಹಾಕುವುದು ಉಸಿರು ಕಟ್ಟಿದವನಿಗೆ ಹೋಳಿಗೆ ಬಡಿಸಿದ ಹಾಗೆ.

ಇವತ್ತಿನಿಂದಲೇ ಎರಡು ಮೂರು ದಿನ ತಿಂಡಿ ನಿಲ್ಲಿಸಿ, ದೊಡ್ಡ ಮೀನು ಅದರಿಂದ ಸಾಯುವುದಿಲ್ಲ. ರಾತ್ರಿಯಿಡೀ ಗಾಳಿಯ ಪಂಪ್ ಓಡಲಿ. ದಿನಕ್ಕೆ ಕಾಲುಭಾಗ ನೀರು ಬದಲಿಸಿ. ಕೊಳಾಯಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿದ ಮೇಲೆಯೇ ತೊಟ್ಟಿಗೆ ಬಿಡಿ. ಒಂದು ದಿನ ಬಿಸಿಲಿಗಿಟ್ಟರೆ ಸಾಕು ಎಂಬುದು ಎಲ್ಲ ಊರಿನ ನೀರಿಗೂ ನಡೆಯುವುದಿಲ್ಲ, ಕ್ಲೋರಮಿನ್ ಬೆರೆಸಿದ್ದರೆ ಅದು ಹಾಗೆ ಹಾರಿಹೋಗುವುದಿಲ್ಲ. ಬೋರ್ ನೀರಾದರೆ ಎತ್ತರದಿಂದ ಬೀಳುವ ಹಾಗೆ ಬಿಡಿ, ನೆಲದಾಳದ ನೀರಿನಲ್ಲಿ ಗಾಳಿ ಕಡಿಮೆ. ಟ್ಯಾಂಕರ್ ನೀರಿನ ಬಗ್ಗೆ ನಾನು ಏನೂ ಹೇಳಲಾರೆ, ಅದು ಆಯಾ ಟ್ಯಾಂಕರಿನವನ ಆತ್ಮಸಾಕ್ಷಿ.

ಇನ್ನು ಮುಂದೆ ಹುಟ್ಟುವವುಗಳ ಮಾತು, ಕಷ್ಟದ್ದು ಇದೇ. ಸುಲಭದ ದಾರಿ ಎಂದರೆ ಮೊಟ್ಟೆಯಿಟ್ಟ ದಿನವೇ ಬೇರಿನ ಗಿಡಗಳನ್ನು ಎತ್ತಿ ಬಿಸಿಲಿಗೆ ಹಾಕುವುದು. ಪುಣೆಯಲ್ಲಿ ನಮ್ಮ ಓಣಿಯಲ್ಲೇ ಗದಗಿನ ಕಡೆಯ ಅಜ್ಜಿಯೊಬ್ಬರಿದ್ದಾರೆ. ಮಗನ ರೋ ಹೌಸಿನ ಹಿಂದೆ ಅವರದೂ ಒಂದು ತೊಟ್ಟಿ, ಮೀನುಗಳೆಲ್ಲ ಅವರ ದನಿಗೆ ಓಡಿ ಬರುತ್ತವೆ. ಅವರಿಗೆ ಈ ಉಪಾಯ ಹೇಳಿದಾಗ ಕೈಯಲ್ಲಿನ ಸೊಪ್ಪು ಕೆಳಗಿಟ್ಟರು.

"ಬಿಸಲಿಗೆ ಒಗಿ ಅಂತೀಯಲ್ಲೋ ತಮ್ಮಾ, ಆ ತತ್ತ್ಯಾಗ ಜೀವ ಇರಂಗಿಲ್ಲೇನು?"

"ಇರತೈತ್ರಿ ಅಜ್ಜಿ. ನಾವು ತಗೀಲಿಲ್ಲಂದ್ರ ಹಡದಾಕಿನ ತಿಂತಾಳ್ರಿ."

"ಆಕಿ ತಿಂದ್ರ ಅದು ಆಕಿ ಕರ್ಮ. ನಾ ಒಗದ್ರ ಅದು ನನ್ನ ಕರ್ಮ. ಎರಡೂ ಒಂದ ಆಗತಾವೇನು?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಜ್ಜಿ ತಾವೇ ಒಂದು ದಾರಿ ಮಾಡಿಕೊಂಡರು. ಮೇ ಕೊನೆಗೆ, ಮಳೆಗೆ ಮೊದಲೇ, ಜಲಪರ್ಣಿ ಗಿಡಗಳನ್ನೆಲ್ಲ ಎತ್ತಿ ಬೇರೆ ಟಬ್ಬಿಗೆ ಹಾಕುತ್ತಾರೆ. ಜಲಪರ್ಣಿ ಎಂದರೆ ನದಿಯನ್ನೇ ಮುಚ್ಚಿಬಿಡುವ ಆ ನೇರಳೆ ಹೂವಿನ ಗಿಡ, ಇಲ್ಲಿನ ಮರಾಠಿ ಹೆಸರು ಅದು, ಅಜ್ಜಿಯ ಬಾಯಲ್ಲೂ ಅದೇ ಬಂದುಬಿಟ್ಟಿದೆ. ಬರಿ ತೊಟ್ಟಿಯಲ್ಲಿ ಇಟ್ಟ ಮೊಟ್ಟೆ ಅಡಗಲು ಜಾಗವಿಲ್ಲದೆ ಬಹುಪಾಲು ಅಲ್ಲೇ ಮುಗಿಯುತ್ತದೆ. ಉಳಿದ ಎಂಟು ಹತ್ತನ್ನು ಅವರು ಸಾಕುತ್ತಾರೆ. ಗಿಡ ತೆಗೆದದ್ದಕ್ಕೆ ಕರ್ಮವಿಲ್ಲವೇ ಎಂದು ನಾನು ಕೇಳಲಿಲ್ಲ. ನಾಲ್ಕು ಮಳೆಗಾಲ ಹೀಗೇ ಕಳೆದಿದೆ, ತೊಟ್ಟಿಯಲ್ಲಿ ಹದಿನೈದು ದಾಟಿಲ್ಲ, ಸೊಳ್ಳೆಮರಿ ಹುಡುಕಲು ಬರುವ ಪಾಲಿಕೆಯವರಿಗೂ ಏನೂ ಸಿಕ್ಕಿಲ್ಲ.

ನನ್ನ ಮನೆಯಲ್ಲಿ ನಾನು ಬೇರು ಎತ್ತಿ ಒಣಗಿಸುತ್ತೇನೆ. ಮೂರು ದಿನದ ಮೊಟ್ಟೆ ಒಣಗುವುದಕ್ಕಿಂತ ಮೂರು ತಿಂಗಳ ಮರಿ ಉಸಿರುಗಟ್ಟುವುದು ನನಗೆ ಹೆಚ್ಚು ಕಷ್ಟ ಕೊಡುತ್ತದೆ. ನೀವು ನಿಮ್ಮ ಮನೆಯಲ್ಲಿ ಕೂತು ಇದನ್ನು ಮಾತಾಡಿಕೊಳ್ಳಿ, ಮೊಮ್ಮಗಳನ್ನೂ ಕೂರಿಸಿಕೊಳ್ಳಿ. ಮೀನು ಹೆಚ್ಚು ದಿನ ಬದುಕುವುದಿಲ್ಲ ಎಂದುಕೊಂಡಿದ್ದರೆ ತಪ್ಪು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟದಲ್ಲಿ ಗೆದ್ದು ತಂದ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿತು. ಸುಮ್ಮನೆ ಚೆನ್ನಾಗಿ ನೋಡಿಕೊಂಡರೂ ಹತ್ತು ವರ್ಷ ದಾಟುವುದು ಸಾಮಾನ್ಯ. ಹುಟ್ಟುಹಬ್ಬದ ಉಡುಗೊರೆ ಆ ಮಗುವಿನ ಕಾಲೇಜಿನವರೆಗೂ ಬರಬಹುದು.

ಮರಿ ಮಾಡಿಸಲೇಬೇಕೆಂಬ ಆಸೆಯಿದ್ದರೆ ಅದನ್ನು ತೊಟ್ಟಿಯಲ್ಲಿ ಮಾಡಬೇಡಿ. ಮೊಟ್ಟೆ ಹತ್ತಿದ ಒಂದೇ ಒಂದು ಬೇರಿನ ಗೊಂಚಲನ್ನು ಬೇರೆ ಟಬ್ಬಿಗೆ ಹಾಕಿ. ಮೊದಲ ವಾರ ಹಸಿರು ನೀರು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿದ ಹನಿ, ಅದೂ ಸೂಜಿಮೊನೆಯಷ್ಟು. ಹೆಚ್ಚಾದರೆ ಸಂಜೆಗೇ ನೀರು ನಾರುತ್ತದೆ. ಮೊಟ್ಟೆ ಮುಟ್ಟದ ಮನೆಯವರು ಅಂಗಡಿಯಲ್ಲಿ ಸಿಗುವ ಆರ್ಟೀಮಿಯಾ ಒಡೆಸಿಕೊಳ್ಳಬಹುದು. ಇಪ್ಪತ್ತು ಮರಿ ಬೆಳೆಸುವುದರಲ್ಲಿ ಇರುವ ಸುಖ ಇನ್ನೂರರಲ್ಲಿ ಇಲ್ಲ.

ಈಗಿರುವ ಹೆಚ್ಚುವರಿಯನ್ನು ಕೊಡಬೇಕಷ್ಟೆ. ಹತ್ತಿರದ ಅಕ್ವೇರಿಯಂ ಅಂಗಡಿಯವರು ದುಡ್ಡು ಕೊಡದಿದ್ದರೂ ಒಂದು ಡಬ್ಬಿ ತಿಂಡಿಗೆ ಬದಲಾಗಿ ತೆಗೆದುಕೊಳ್ಳುವುದುಂಟು, ಅದರಲ್ಲೂ ಬಣ್ಣ ಬಂದವನ್ನು. ಕೆಸರು ಬಣ್ಣದವನ್ನು ಯಾರೂ ಕೇಳುವುದಿಲ್ಲ, ಅವನ್ನು ನೀವೇ ಇಟ್ಟುಕೊಳ್ಳಿ, ಗಟ್ಟಿ ಮೀನು ಅವು. ಶಾಲೆಯ ತೊಟ್ಟಿ, ಅಪಾರ್ಟ್‌ಮೆಂಟಿನ ಕಾರಂಜಿಯ ಕೊಳ ಕೇಳಿ ನೋಡಿ, ಆದರೆ ಅದರ ನೀರು ಹೊರಗಿನ ಕಾಲುವೆಗೆ ಹೋಗಬಾರದು. ನಿಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಹೂವಿನ ಚಿತ್ರಗಳ ನಡುವೆ ಒಂದು ಮೀನಿನ ಚಿತ್ರ ಹಾಕಿದರೆ ಹತ್ತು ಮನೆ ಸಿಗದೇ ಹೋಗುವುದಿಲ್ಲ. ಪ್ರತಿ ಮನೆಗೂ ನಾಲ್ಕಕ್ಕಿಂತ ಹೆಚ್ಚು ಕೊಡಬೇಡಿ, ಗುಂಡು ಗಾಜಿನ ಬೋಗುಣಿ ತೋರಿಸುವವರಿಗೆ ಒಂದನ್ನೂ ಕೊಡಬೇಡಿ.

ಸಾಗಿಸುವ ಹಿಂದಿನ ದಿನ ಉಪವಾಸ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಎರಡು ಭಾಗ ಗಾಳಿ. ಚೀಲದ ಕೆಳಮೂಲೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಇಲ್ಲದಿದ್ದರೆ ಸಣ್ಣವು ಮೂಲೆಗೆ ಸಿಕ್ಕಿಕೊಳ್ಳುತ್ತವೆ. ಮೇಲೊಂದು ಟವೆಲ್ ಮುಚ್ಚಿ ಕತ್ತಲು ಮಾಡಿದರೆ ಗಾಬರಿಯಾಗುವುದಿಲ್ಲ. ಹೊಸ ಮನೆಯಲ್ಲಿ ಚೀಲವನ್ನು ಹಾಗೇ ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ಅಲ್ಲಿನ ನೀರು ಬೆರೆಸಿ, ಮೀನನ್ನು ಮಾತ್ರ ಕೈಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ, ಗಿಡಕ್ಕೆ ಹಾಕಿ. ಮಲ್ಲಿಗೆಗೆ ಬಹಳ ಒಳ್ಳೆಯದು.